ಕುಡಿಯದೆ ಇಟ್ಟ ಕಾಫಿ

ಕೂರಾ, 12 ಅಕ್ಟೋಬರ್ 1998

ಡಿಯರ್ ಮಿಸ್ ನುಹಾ ಬ್ರೈದಿ,

ಐ ಆಮ್ ಇನ್ ರಿಸೀಟ್ ಆಫ್ ಯುವರ್ ಲೆಟರ್. ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಪತ್ರದ ಮೊದಲ ಸಾಲು, ಕೊನೆಯ ಸಾಲು ಇವೆರಡೇ ನನ್ನಲ್ಲಿ ಉಳಿದಿರುವುದು. ನಡುವಿನದನ್ನೆಲ್ಲ ಏಳು ವರ್ಷದ ಸೆರೆಮನೆ ತಿಂದುಹಾಕಿತು. ಆದ್ದರಿಂದ ಮುಂದಿನದನ್ನು ನಮ್ಮ ಭಾಷೆಯಲ್ಲೇ ಬರೆಯುತ್ತೇನೆ.

ನಿಮ್ಮ ಕಾಗದವನ್ನು ಎಣ್ಣೆ ಲಾರಿಯ ಮಿಲ್ಹಿಮ್ ತಂದುಕೊಟ್ಟ. ಅವನ ಕೈಲಿ ಕಳಿಸಿದ್ದು ಒಳ್ಳೆಯದಾಯಿತು. ಇದು ಅಂಚೆಗೆ ಹಾಕುವ ವಿಷಯವಲ್ಲ, ಫೋನಿನಲ್ಲಿ ಆಡುವುದಂತೂ ಅಲ್ಲವೇ ಅಲ್ಲ. "ಉಸ್ತಾದರೇ, ಝಹ್ಲೆಯಿಂದ ಹೆಣ್ಣುಮಗಳು ಕಾಗದ ಬರೀತಾಳೆ ಅಂದ್ರೆ ಏನ್ ಸಮಾಚಾರ? ಮೀಸೆಗೆ ಬಣ್ಣ ಹಚ್ಕೊಳ್ಳೋದಾ?" ಎಂದು ನಕ್ಕ. "ಮೊದ್ಲು ನಿನ್ ಲಾರಿಗೆ ಹಚ್ಚು, ತುಕ್ಕು ಉದುರ್ತಿದೆ" ಅಂದೆ. ಮನೆಯಲ್ಲಿ ಇಂಥ ಮಾತು ಆಡುವವರು ಯಾರೂ ಇಲ್ಲ. ನನ್ನ ಹೆಂಡತಿ ಅಫೀಫೆ ತೀರಿಕೊಂಡು ಎರಡು ವರ್ಷವಾಯಿತು. ಹಾಗಾಗಿ ನಾನು ವಿಷಯ ಬಿಟ್ಟು ಎತ್ತೆತ್ತಲೋ ಹೋದರೆ ಕ್ಷಮಿಸಬೇಕು.

ನಾಪತ್ತೆಯಾದವರ ಮನೆಯವರು ಮಾಡಿಕೊಂಡಿರುವ ಸಮಿತಿಗೆ ಬರಹದಲ್ಲಿ ಸಾಕ್ಷಿ ಬೇಕು, ಅಂದು ಬಾಯಲ್ಲಿ ಹೇಳಿದ್ದನ್ನೇ ಬರೆದುಕೊಡಿ ಎಂದು ಕೇಳಿದ್ದೀರಿ. ಅಂದು ಎಂದರೆ 1992ರ ಮಾರ್ಚ್, ನಾನು ಬಿಡುಗಡೆಯಾಗಿ ಬಂದ ವಾರ. ಗಡಿಯಾಚೆಯ ಸೆರೆಮನೆಯಿಂದ ಒಬ್ಬ ಜೀವಂತ ಬಂದನೆಂದರೆ ದೇಶದ ಮೂಲೆಮೂಲೆಯಿಂದ ಜನ ಫೋಟೋ ಹಿಡಿದು ಬಂದುಬಿಡುತ್ತಾರೆ. ನಮ್ಮ ಮೆಟ್ಟಿಲ ಮೇಲೆ ಸಾಲು ನಿಂತಿತ್ತು. ಅಫೀಫೆ ಹಾಸಿಗೆಯ ಮೇಲೆ ಫೋಟೋಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಹರಡಿದ್ದಳು. ನಲವತ್ತಕ್ಕೂ ಹೆಚ್ಚು ಮುಖ ನೋಡಿ ಇಲ್ಲ, ಕಂಡಿಲ್ಲ, ಇಲ್ಲ ಅಂದೆ. ಒಂದಕ್ಕೆ ಮಾತ್ರ ಹೌದು ಅಂದೆ. ಅದು ನಿಮ್ಮ ಅಣ್ಣ ತನ್ನೂಸನದು.

ಬರೆದುಕೊಳ್ಳಿ. 1990ರ ಬೇಸಿಗೆ. ಸ್ನಾನಕ್ಕೆ ಸಾಲಾಗಿ ಕರೆದೊಯ್ಯುತ್ತಿದ್ದರು. ತಲೆ ತಗ್ಗಿಸಿ ನಡೆಯಬೇಕೆಂದು ಕಟ್ಟಪ್ಪಣೆ. ಎದುರಿನಿಂದ ಬರುತ್ತಿದ್ದ ಸಾಲಿನಲ್ಲಿ ಒಬ್ಬ ತಲೆಯೆತ್ತಿದ. ಎರಡೂ ಕಣ್ಣು ಅಗಲವಾಗಿ ತೆರೆದು ನೇರ ನನ್ನನ್ನೇ ನೋಡಿದ. ಅಷ್ಟು ತುಂಬಿದ, ಅಷ್ಟು ಸಮನಾದ ಕಣ್ಣುಗಳನ್ನು ಅಲ್ಲಿ ಇನ್ನೊಬ್ಬನಲ್ಲಿ ನೋಡಲಿಲ್ಲ. "ಝಹ್ಲೆ" ಎಂದು ತುಟಿಯಲ್ಲೇ ಅಂದ. ಕಾವಲಿನವನ ಚರ್ಮದ ಪಟ್ಟಿ ಬೀಸಿತು, ಸಾಲು ಮುಂದೆ ಹೋಯಿತು. ಇಷ್ಟೇ.

ಕಣ್ಣಿನ ಮಾತು ಬಂತಲ್ಲ, ಇನ್ನೊಬ್ಬ ನೆನಪಾಗುತ್ತಾನೆ. ಇದು ಸಾಕ್ಷಿಗೆ ಬೇಡ, ಸುಮ್ಮನೆ ಬರೆಯುತ್ತೇನೆ. ನನ್ನ ಮೊದಲ ಚಳಿಗಾಲದಲ್ಲಿ ಒಬ್ಬ ನನ್ನ ಮಗ್ಗುಲಲ್ಲೇ ಮಲಗುತ್ತಿದ್ದ. ಅವನ ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿಬಿದ್ದಿತ್ತು. ಕೋಣೆಯೊಳಗೇ ಚಾಡಿ ಹೇಳುವವರಿದ್ದರು, ಹೆಸರು ಊರು ಯಾರೂ ಹೇಳಿಕೊಳ್ಳುತ್ತಿರಲಿಲ್ಲ. ಅವನನ್ನು ಅರೆನಿದ್ದೆ ಎಂದೇ ಕರೆಯುತ್ತಿದ್ದೆವು. "ಲೇ ಅರೆನಿದ್ದೆ, ಆ ಕಣ್ಣಲ್ಲಿ ಮಾಡೋ ನಿದ್ದೇಲಿ ನಂಗೂ ಒಂದ್ ಪಾಲು ಕೊಡೋ" ಅಂದರೆ, "ನಿದ್ದೆ ತಗೊಳ್ಳಿ ಉಸ್ತಾದ್, ಕನಸು ಮಾತ್ರ ನಂದು" ಅನ್ನುತ್ತಿದ್ದ. ತನಗೆ ಸಿಕ್ಕ ಈರುಳ್ಳಿಯಲ್ಲಿ ಅರ್ಧ ನನಗೆ ಕೊಡುತ್ತಿದ್ದ. ಬಾರ್ಬರಾ ಹಬ್ಬದ ಬೇಯಿಸಿದ ಗೋಧಿಯ ಮಾತು ಅವನಿಗೆ ಎಷ್ಟು ಆಡಿದರೂ ಮುಗಿಯದು. ಅವನ ತಟ್ಟೆಯ ಮೇಲಿನ ಸಕ್ಕರೆ ಬಾದಾಮಿಯನ್ನು ತಂಗಿ ಕದ್ದು, ಆ ಗುಳಿಯನ್ನು ಒಣದ್ರಾಕ್ಷಿಯಿಂದ ಮುಚ್ಚಿಡುತ್ತಿದ್ದಳಂತೆ. ಆ ಚಳಿಗಾಲದಲ್ಲೇ ಕೆಮ್ಮಿ ಕೆಮ್ಮಿ ಸತ್ತ. ಯಾರ ಮಗನೋ. ಅವನ ಫೋಟೋ ಹಿಡಿದು ಯಾರೂ ನಮ್ಮ ಮನೆಗೆ ಬರಲಿಲ್ಲ.

ನೋಡಿ, ಎಲ್ಲಿಂದ ಎಲ್ಲಿಗೆ ಬಂದೆ. ತಾಯಿ ಉಮ್ ತನ್ನೂಸರಿಗೆ ನನ್ನ ನಮಸ್ಕಾರ ತಿಳಿಸಿ.

ಯುವರ್ಸ್ ಫೇತ್‌ಫುಲಿ,
ನಸ್ರಿ ಬೀತಾರ್


ಝಹ್ಲೆ, 6 ಡಿಸೆಂಬರ್ 1998

ಗೌರವಾನ್ವಿತ ಉಸ್ತಾದ್ ನಸ್ರಿ ಅವರಿಗೆ,

ಉತ್ತರ ತಡವಾಯಿತು. ನಿಮ್ಮ ಪತ್ರ ಬಂದ ವಾರ ನನಗೆ ಜ್ವರ ಬಂದಿತ್ತು. ಆಮೇಲೆ ಔಷಧದಂಗಡಿಯಲ್ಲಿ ಕೆಲಸ ಹೆಚ್ಚಾಯಿತು. ಹೀಗೆ ಏನೋ ಒಂದು.

ಅಮ್ಮನಿಗೆ ಪತ್ರವನ್ನು ಮೂರು ಸಲ ಓದಿ ಹೇಳಿದೆ. ಮೂರನೆಯ ಸಲ ನನಗಿಂತ ಮೊದಲೇ ಸಾಲು ಹೇಳುತ್ತಿದ್ದಳು. "ಎರಡೂ ಕಣ್ಣು ಅಗಲವಾಗಿ ತೆರೆದು" ಎಂಬಲ್ಲಿ ಎದೆ ಮುಟ್ಟಿಕೊಂಡು, "ನನ್ನ ಮಗ ಹಾಗೇ. ಯಾರ ಮುಂದೇನೂ ತಲೆ ತಗ್ಗಿಸ್ದೋನಲ್ಲ" ಅನ್ನುತ್ತಾಳೆ. ಸಮಿತಿಗೆ ಕೊಡಲು ಅಷ್ಟನ್ನೇ ಅಂದವಾಗಿ ಬರೆದು ಕೊಟ್ಟೆ. ಕೊನೆಯ ಹಾಳೆಯನ್ನು ಬಿಟ್ಟೆ. ಅದು ಸಾಕ್ಷಿಗೆ ಬೇಡವೆಂದು ನೀವೇ ಬರೆದಿದ್ದಿರಿ.

ಅಮ್ಮ ಕೇಳುತ್ತಾಳೆ: ತೆಳ್ಳಗಾಗಿದ್ದನಾ? ಹಲ್ಲು ಎಲ್ಲ ಇದ್ದವಾ? ಬಲಗೈಯಲ್ಲಿ ಅಪ್ಪನ ಉಂಗುರ ಇತ್ತಾ? ನೆನಪು ಮಾಡಿಕೊಂಡು ಬರೆಯಿರಿ.

ಶುಕ್ರವಾರ ಬಾರ್ಬರಾ ಹಬ್ಬವಾಯಿತು. ಮುಖವಾಡ ಹಾಕಿಕೊಂಡ ಮಕ್ಕಳು ಬಂದು ಗಲಾಟೆ ಮಾಡಿ ಹೋದರು. ಅಮ್ಮ ಗೋಧಿ ಬೇಯಿಸಿ ಅಣ್ಣನ ಪಾಲನ್ನೂ ತಟ್ಟೆಗೆ ಹಾಕಿದಳು. ಅದರ ಮೇಲಿನ ಬಾದಾಮಿಗೆ ಈಗ ಯಾರೂ ಕೈ ಹಾಕುವುದಿಲ್ಲ.

ಒಂದು ಕೋರಿಕೆ. ಮುಂದೆ ಬರೆಯುವಾಗ ಅಣ್ಣನ ವಿಷಯ ಮಾತ್ರ ಬರೆಯಿರಿ. ಬೇರೆ ಕೈದಿಗಳ ಕಥೆ ಅಮ್ಮನ ಎದೆ ತಡೆಯುವುದಿಲ್ಲ. ಅವಳು ಪತ್ರವನ್ನು ನನ್ನ ಕೈಯಿಂದ ಕಿತ್ತುಕೊಂಡು ಕನ್ನಡಕ ಹಾಕಿ ನೋಡುವುದೂ ಉಂಟು.

ನುಹಾ


ಕೂರಾ, 20 ಜನವರಿ 1999

ಡಿಯರ್ ಮಿಸ್ ನುಹಾ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್. ನನ್ನ ಹರಟೆಯಿಂದ ನಿಮಗೆ ಬೇಸರವಾಗಿದೆ, ಪತ್ರದ ಬಿಗುವಿನಲ್ಲೇ ತಿಳಿಯಿತು. ಅಫೀಫೆಯೂ ಹೀಗೇ, "ನಿಂಗೆ ತ್ರಿಪೋಲಿಗೆ ದಾರಿ ಕೇಳಿದ್ರೆ ನೋಹನ ಹಡಗಿಂದ ಶುರು ಮಾಡ್ತೀಯ" ಅನ್ನುತ್ತಿದ್ದಳು. ಇನ್ನು ಮುಂದೆ ವಿಷಯಕ್ಕೆ ಅಂಟಿಕೊಂಡಿರುತ್ತೇನೆ.

ತೆಳ್ಳಗಿದ್ದ, ಆದರೆ ಕುಸಿದಿರಲಿಲ್ಲ. ಹಲ್ಲು ಇದ್ದವು. "ಝಹ್ಲೆ" ಎಂದಾಗ ಮುಂದಿನವೆರಡು ಕಂಡವು. ಉಂಗುರದ ಬಗ್ಗೆ ಮೊದಲಿಗೆ ಏನೂ ಹೊಳೆಯಲಿಲ್ಲ. ಮೂರು ದಿನ ಒಲೆಯ ಪಕ್ಕ ಕಣ್ಣು ಮುಚ್ಚಿ ಕೂತು ಆ ಓಣಿಯಲ್ಲಿ ಮತ್ತೆ ಮತ್ತೆ ನಡೆದೆ. ನಾಲ್ಕನೆಯ ದಿನ ಬಲಗೈಯಲ್ಲಿ ಏನೋ ಮಿನುಗಿದ್ದು ಕಂಡಿತು. ಉಂಗುರವೇ. ಅಲ್ಲಿ ನಮ್ಮ ಷೂ ಲೇಸನ್ನೂ ಬಿಡದೆ ಕಿತ್ತುಕೊಂಡಿದ್ದರು, ಇವನು ಉಂಗುರವನ್ನು ಹೇಗೆ ಉಳಿಸಿಕೊಂಡನೋ! ಜಾಣ. ತಾಯಿಗೆ ಹೇಳಿ.

ದಿನ ಕಳೆದಂತೆ ಅವನು ನನಗೆ ಹೆಚ್ಚು ಹೆಚ್ಚು ನಿಚ್ಚಳವಾಗಿ ಕಾಣುತ್ತಾನೆ. ಬಿಡುಗಡೆಯಾದ ವರ್ಷ ಬರೀ ಕಣ್ಣುಗಳಿದ್ದವು. ಈಗ ಕೈ, ಉಂಗುರ, ಸ್ವಲ್ಪ ಒಡಕು ದನಿ. ಉಳಿದವರೆಲ್ಲ ಮಂಕಾಗುತ್ತಿರುವಾಗ ಇವನೊಬ್ಬ ಹತ್ತಿರ ಬರುತ್ತಿದ್ದಾನೆ. ನನಗೆ ಮಕ್ಕಳಿಲ್ಲ, ಗೊತ್ತಲ್ಲ. ಬೆಳಿಗ್ಗೆ ಎದ್ದು ಇವನ ಬಗ್ಗೆ ಯೋಚಿಸುವುದೇ ಈಗ ನನಗೊಂದು ಕೆಲಸವಾಗಿದೆ.

ಮಿಲ್ಹಿಮ್ ಕೈಲಿ ಒಂದು ಡಬ್ಬಿ ಎಣ್ಣೆ ಕಳಿಸಿದ್ದೇನೆ. ಹೊಸ ಫಸಲಿನದು, ಗಂಟಲಲ್ಲಿ ಚುರುಗುಟ್ಟುತ್ತದೆ.

ಯುವರ್ಸ್ ಸಿನ್ಸಿಯರ್ಲಿ,
ನಸ್ರಿ


ಝಹ್ಲೆ, 14 ಮೇ 1999

ಉಸ್ತಾದ್ ನಸ್ರಿ ಅವರಿಗೆ,

ಎಣ್ಣೆ ಬಂತು. ಅಮ್ಮ ಅದನ್ನು ಅಡುಗೆಗೆ ಮುಟ್ಟಲು ಬಿಡುವುದಿಲ್ಲ. ಅಣ್ಣ ಬಂದ ಮೇಲೆ ತೆಗೆಯಬೇಕಂತೆ.

ಉಂಗುರದ ಸುದ್ದಿ ಕೇಳಿ ಒಂದು ವಾರ ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಳು. ಈಸ್ಟರ್ ಆದ ಮೇಲೆ ನಮ್ಮ ಪಾದ್ರಿಗಳು ಒಂದು ಕಾಗದ ಹಿಡಿದು ಮನೆಗೆ ಬಂದರು. ನಾಲ್ಕು ವರ್ಷ ಸುಳಿವಿಲ್ಲದವರನ್ನು ಸತ್ತರೆಂದು ಬರೆಸಬಹುದು ಎಂಬ ಕಾನೂನು ಬಂದಿದೆಯಲ್ಲ, ಅದರ ಕಾಗದ. ಅದಕ್ಕೆ ಅವರನ್ನು ಕರೆದದ್ದು ನಾನೇ. ಅಮ್ಮನಿಗೆ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

"ಉಮ್ ತನ್ನೂಸ್, ಒಂದು ಸಹಿ ಹಾಕಮ್ಮ. ಪೂಜೆ ಮಾಡ್ಸೋಣ, ಗಂಟೆ ಬಾರ್ಸೋಣ. ನಿಂಗೂ ಒಂದು ನೆಮ್ಮದಿ" ಅಂದರು.

"ಅಬೂನಾ, ಪೆನ್ನು ಜೇಬಿಗಿಟ್ಕೊಳ್ಳಿ. ಕೈಯಲ್ಲಿ ಉಂಗುರ ಹಾಕ್ಕೊಂಡು ಓಡಾಡ್ತಿರೋ ಮಗನ್ನ ಸಹಿ ಹಾಕಿ ಸಾಯ್ಸು ಅಂತೀರಾ? ಉಸ್ತಾದ್ ನಸ್ರಿ ನೋಡಿದಾರೆ. ಓದಿದೋರು. ಇಂಗ್ಲಿಷ್ ಬರುತ್ತೆ ಅವ್ರಿಗೆ!"

ಪಾದ್ರಿಗಳು ನನ್ನ ಮುಖ ನೋಡಿದರು. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಸಾವೊ ಪಾಲೊದಲ್ಲಿ ಜುರ್ಜಿ ಎಂದು ಒಬ್ಬರಿದ್ದಾರೆ, ನಮ್ಮ ಊರಿನವರೇ, ಬಟ್ಟೆ ವ್ಯಾಪಾರ. ನನ್ನನ್ನು ಮದುವೆಯಾಗಿ ಅಮ್ಮನನ್ನೂ ಕರೆಸಿಕೊಳ್ಳುತ್ತೇನೆ ಎನ್ನುತ್ತಾರೆ. ಮೂರು ವರ್ಷದಿಂದ ಕಾಯುತ್ತಿದ್ದಾರೆ. ಅಮ್ಮ ಬರುವುದಿಲ್ಲ. ತನ್ನೂಸ್ ಬಂದು ಬಾಗಿಲು ತಟ್ಟಿದರೆ ತೆರೆಯುವವರು ಯಾರು, ಅನ್ನುತ್ತಾಳೆ. ಇನ್ನೊಂದು ವರ್ಷ ಎಂದು ಜುರ್ಜಿಯವರಿಗೆ ಬರೆದಿದ್ದೇನೆ. ನನಗೆ ಮೂವತ್ತೆಂಟು. ಇದನ್ನೆಲ್ಲ ಯಾಕೆ ಬರೆದೆನೋ. ಹರಟೆ ಅಂಟುಜಾಡ್ಯವಿರಬೇಕು.

ನುಹಾ


ಕೂರಾ, 2 ಅಕ್ಟೋಬರ್ 1999

ನುಹಾ ಮಗಳೇ,

ಐ ರಿಗ್ರೆಟ್ ಟು ಇನ್ಫಾರ್ಮ್ ಯು. ಈ ಸಾಲು ಕೆಲಸದಿಂದ ತೆಗೆದುಹಾಕುವ ಪತ್ರಗಳಲ್ಲಿ ಬರುತ್ತಿತ್ತು. ಇಲ್ಲಿಗೂ ಹೊಂದುತ್ತದೆ.

ಆಗಸ್ಟಿನಲ್ಲಿ ಬೈರೂತಿನಿಂದ ಮನಃಶಾಸ್ತ್ರದ ಡಾಕ್ಟರೊಬ್ಬರು ಬಂದಿದ್ದರು, ಹಾಲಾ ಎಂದು ಹೆಸರು. ಸೆರೆಯಿಂದ ಬಂದವರ ನೆನಪುಗಳ ಬಗ್ಗೆ ಪುಸ್ತಕ ಬರೆಯುತ್ತಾರಂತೆ. ಟೇಪ್‌ರೆಕಾರ್ಡರ್ ಮೇಜಿನ ಮೇಲಿಟ್ಟು ನಾಲ್ಕು ದಿನ ಮಾತಾಡಿಸಿದರು. ನಿಮ್ಮ ಅಣ್ಣನ ಕಥೆಯನ್ನು ಹೆಮ್ಮೆಯಿಂದಲೇ ಹೇಳಿದೆ.

"ಉಸ್ತಾದ್, ಫೋಟೋ ನೋಡೋಕ್ ಮುಂಚೆ ಈ ಮುಖ ನಿಮ್ಮ ನೆನಪಲ್ಲಿತ್ತಾ?" ಎಂದು ಕೇಳಿದರು.

"ಫೋಟೋ ನೋಡಿದ್ಮೇಲೆ ನೆನಪಾಯ್ತು."

"ಉಂಗುರ?"

"ಅವರು ಕೇಳಿದ್ಮೇಲೆ."

ಆಕೆ ಟೇಪನ್ನು ನಿಲ್ಲಿಸಿದರು. ಆಮೇಲೆ ಮೆಲ್ಲಗೆ ವಿವರಿಸಿದರು. ಎಂದೂ ನಡೆಯದ ಸಂಗತಿಯನ್ನು, ನೀನು ಚಿಕ್ಕವನಿದ್ದಾಗ ಹೀಗಾಗಿತ್ತು ನೆನಪು ಮಾಡಿಕೋ ಎಂದು ಮನೆಯವರ ಹೆಸರಿನಲ್ಲಿ ಮತ್ತೆ ಮತ್ತೆ ಹೇಳಿದರೆ, ಕೆಲವರಿಗೆ ಅದು ನಿಜವಾಗಿಯೂ ನೆನಪಾಗುತ್ತದಂತೆ. ಅಂಗಿಯ ಬಣ್ಣವನ್ನೂ ಹೇಳುತ್ತಾರಂತೆ. ಸುಳ್ಳು ಹೇಳುವುದಲ್ಲ. ಕಾಣುತ್ತದೆ, ಅದಕ್ಕೇ ಹೇಳುತ್ತಾರೆ. ಹಳೆಯ ನೆನಪು ಪೆಟ್ಟಿಗೆಯಲ್ಲಿಟ್ಟ ವಸ್ತುವಲ್ಲ ಉಸ್ತಾದ್, ಪ್ರತಿ ಸಲ ತೆಗೆದಾಗಲೂ ಹೊಸದಾಗಿ ಬೇಯಿಸಿದ ಹಾಗೆ, ಆವತ್ತು ಅಡುಗೆಮನೆಯಲ್ಲಿ ಏನಿದೆಯೋ ಅದೆಲ್ಲ ಬೀಳುತ್ತದೆ ಎಂದರು. ನನಗೆ ಸಿಟ್ಟು ಬಂತು. ಎದ್ದು ಅಂಗಳಕ್ಕೆ ಹೋದೆ. ಅಲ್ಲಿ ಆ ದಿನ ನೆನಪಾಯಿತು, ನೀವು ಬಂದ ದಿನ.

ನಿಮಗೂ ನೆನಪಿರುತ್ತದೆ. ಅಫೀಫೆ ಕಾಫಿ ತಂದಳು. ನಿಮ್ಮ ತಾಯಿ ಲೋಟ ತೆಗೆದುಕೊಂಡರು, ತುಟಿಗೆ ತಾಗಿಸದೆ ಕೆಳಗಿಟ್ಟರು. ಮನೆಗೆ ಬಂದವರು ಹಾಗೆ ಕಾಫಿ ಇಟ್ಟರೆ ಏನರ್ಥ ಎಂದು ನಮ್ಮಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಕೇಳಿದ್ದು ಕೊಡುವವರೆಗೆ ಮುಟ್ಟುವುದಿಲ್ಲ. ಕೊಡದೆ ಕಳಿಸಿದ ಮನೆಯವನು ತಲೆಯೆತ್ತಿ ನಡೆಯುವ ಹಾಗಿಲ್ಲ. ಹೆಣ್ಣು ಕೇಳಲು ಬಂದವರು, ರಾಜಿಗೆ ಬಂದವರು ಹಾಗೆ ಮಾಡುವುದನ್ನು ನೋಡಿದ್ದೆ. ನೆನಪನ್ನು ಕೇಳಲು ಮಾಡಿದ್ದು ಅದೇ ಮೊದಲು. ನಾನು ಫೋಟೋ ಹಿಡಿದು ಒಂದು ಗಂಟೆ ಕೂತೆ. ಕಾಫಿಯ ಮೇಲೆ ಪೊರೆ ಕಟ್ಟಿತು. ಆಗ ಆ ಕಣ್ಣುಗಳು ಎಲ್ಲೋ ಕಂಡ ಹಾಗಾಯಿತು. ಆ ಓಣಿ ಬಂತು, ಸಾಲು ಬಂತು. "ಹೌದು" ಅಂದೆ. ನಿಮ್ಮ ತಾಯಿ ತಣ್ಣಗಿನ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು.

ನೀವು ಮೆಟ್ಟಿಲಿಳಿದ ಮೇಲೆ ಅಫೀಫೆ ಲೋಟ ತೊಳೆಯುತ್ತ ಕೇಳಿದಳು: "ನಿಜ ಹೇಳು, ಆ ಹುಡುಗನ್ನ ನೋಡಿದ್ಯಾ? ಇಲ್ಲಾ, ಆ ತಾಯಿ ಕಾಫಿ ಕುಡೀಲಿ ಅಂತ ಹೂಂ ಅಂದ್ಯಾ?"

"ನೋಡಿದೀನಿ ಕಣೇ."

"ನೋಡಿದ್ದನ್ನ ಹೇಳೋಕೆ ಒಂದು ಗಂಟೆ ಬೇಕಾಯ್ತಾ?"

ಆವತ್ತು ಅವಳ ಮೇಲೆ ರೇಗಿದೆ. ಈಗ ಏಳು ವರ್ಷದ ಮೇಲೆ ಉತ್ತರ ಕೊಡಬೇಕು ಅನ್ನಿಸಿದರೆ ಅವಳಿಲ್ಲ.

ಮಗಳೇ, ನಾನು ಆಣೆಯಿಟ್ಟು ಹೇಳಲಾರೆ. ಕಣ್ಣು ಮುಚ್ಚಿದರೆ ತನ್ನೂಸ್ ಈಗಲೂ ನಿಂತಿದ್ದಾನೆ, ಈ ಬರೆಯುವ ಕೈಗಿಂತ ನಿಚ್ಚಳವಾಗಿ. ಆದರೆ ಅವನು ಓಣಿಯಿಂದ ಬಂದನೋ ಫೋಟೋದಿಂದ ಬಂದನೋ ನನಗೆ ತಿಳಿಯದು. ನಿಮ್ಮ ಮದುವೆಗೆ ಅಡ್ಡ ಕೂತಿರುವುದು ಈ ನನ್ನ ಉಂಗುರವೇ ಎಂದು ಮೇ ತಿಂಗಳ ಪತ್ರ ಓದಿದಾಗಿನಿಂದ ಚುಚ್ಚುತ್ತಿದೆ. ಜನವರಿ ಕೊನೆಗೆ ಮಿಲ್ಹಿಮ್ ಲಾರಿಯಲ್ಲಿ ನಾನೇ ಝಹ್ಲೆಗೆ ಬರುತ್ತೇನೆ. ನಿಮ್ಮ ತಾಯಿಯ ಮುಂದೆ ಕೂತು ನನ್ನ ಬಾಯಿಂದಲೇ ಹೇಳುತ್ತೇನೆ. ಅವರು ಕೊಟ್ಟ ಕಾಫಿಯನ್ನು ಕುಡಿಯದೆ ಇಟ್ಟು ಕ್ಷಮೆ ಕೇಳುತ್ತೇನೆ.

ಯುವರ್ಸ್ ಸಿನ್ಸಿಯರ್ಲಿ,
ನಸ್ರಿ


ಝಹ್ಲೆ, 9 ಜನವರಿ 2000

ಉಸ್ತಾದ್ ನಸ್ರಿ ಅವರಿಗೆ,

ಬರಬೇಡಿ.

ಮೂರು ತಿಂಗಳು ಸುಮ್ಮನಿದ್ದೆ. ನೀವೇ ಮನಸ್ಸು ಬದಲಾಯಿಸುತ್ತೀರಿ ಎಂದುಕೊಂಡಿದ್ದೆ. ಮೊನ್ನೆ ಮಿಲ್ಹಿಮ್, "ಉಸ್ತಾದ್ರು ಕೋಟು ಇಸ್ತ್ರಿ ಮಾಡಿಸ್ತಿದಾರೆ, ನಿಮ್ಮೂರಿಗೆ ಬರೋಕೆ" ಅಂದ. ನೀವು ಬಂದು ಹಾಗೆ ಹೇಳಿದರೆ ಅಮ್ಮ ನಿಮ್ಮ ಎದುರಿಗೇ ಹೋಗಿಬಿಡುತ್ತಾಳೆ. ಹೃದಯ ಈಗಾಗಲೇ ಎರಡು ಸಲ ಕೈಕೊಟ್ಟಿದೆ.

ನೀವು ಹೊತ್ತುಕೊಂಡಿರುವ ತಪ್ಪು ನಿಮ್ಮೊಬ್ಬರದಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ನೆನಪು ಸುಳ್ಳೆಂದು ನನಗೆ ಮೊದಲ ದಿನವೇ ಗೊತ್ತಿತ್ತು. ನೀವು "ಎಂಥ ಕಣ್ಣು, ಎರಡೂ ಎಷ್ಟು ಸಮ" ಎಂದಿರಲ್ಲ, ಆಗಲೇ. ಅಣ್ಣನ ಕಣ್ಣು ಹಾಗಿರಲಿಲ್ಲ. ಹುಟ್ಟಿದಾಗಿನಿಂದ ಅವನ ಎಡಗಣ್ಣಿನ ರೆಪ್ಪೆ ಅರ್ಧ ಇಳಿದೇ ಇತ್ತು.

ನಿಮ್ಮ ಕೈಲಿದ್ದ ಫೋಟೋ ಹೆಣ್ಣಿನ ಮನೆಯವರಿಗೆ ತೋರಿಸಲು ತೆಗೆಸಿದ್ದು. 1984ರಲ್ಲಿ. ಅಮ್ಮನೇ ಸ್ಟುಡಿಯೋದವನಿಗೆ ಹೇಳಿ ಕುಂಚದಲ್ಲಿ ರೆಪ್ಪೆ ಎತ್ತಿಸಿದಳು, ಕಣ್ಣಿಗೆ ಹೊಳಪು ಹಾಕಿಸಿದಳು. ಅಣ್ಣ ಅದನ್ನು ನೋಡಿ, "ಚೆನ್ನಾಗಿದಾನೆ ಕಣಮ್ಮ. ಇವ್ನಿಗೇ ಮದುವೆ ಮಾಡು, ನಾನ್ ಬಂದು ಊಟ ಮಾಡ್ಕೊಂಡ್ ಹೋಗ್ತೀನಿ" ಎಂದು ನಗಾಡಿದ್ದ. ಮರುವರ್ಷ ವಸಂತದಲ್ಲಿ ರಸ್ತೆ ತಪಾಸಣೆಯಲ್ಲಿ ಹಿಡಿದುಕೊಂಡು ಹೋದರು. ಮನೆಯಲ್ಲಿ ಅವನೊಬ್ಬನೇ ಇರುವ ಫೋಟೋ ಎಂದರೆ ಅದೊಂದೇ.

ಅಮ್ಮ ಸುಳ್ಳು ಹೇಳುತ್ತಿದ್ದಾಳೆ ಅಂದುಕೊಳ್ಳಬೇಡಿ. ವರ್ಷಗಟ್ಟಲೆ ಅದನ್ನು ಎದೆಗೆ ಪಿನ್ನು ಹಾಕಿಕೊಂಡು ಧರಣಿ ಕೂತಳು. ಅವಳ ಮಗನಿಗೆ ಈಗ ಅದೇ ಮುಖ. ನಿಮ್ಮ ಮನೆಯಿಂದ ವಾಪಸು ಬರುವಾಗ ಕಾರಿನಲ್ಲಿ, "ಅಮ್ಮ, ಅಣ್ಣನ ಕಣ್ಣು..." ಎಂದು ಬಾಯಿ ತೆರೆದೆ. "ಏನಾಗಿತ್ತೇ ನನ್ನ ಮಗನ ಕಣ್ಣಿಗೆ? ಹೊಟ್ಟೆಕಿಚ್ಚಿನವಳೇ!" ಎಂದು ಕೆನ್ನೆಗೆ ಹೊಡೆದಳು. ಆಮೇಲೆ ನಾನು ಆ ಮಾತು ಎತ್ತಿಲ್ಲ.

ಹೀಗಾಗಿ, ನಿಮ್ಮ ನೆನಪು ಸುಳ್ಳು, ಅಮ್ಮನದೂ ಸುಳ್ಳು, ಎರಡೂ ಒಂದಕ್ಕೊಂದು ಸರಿಯಾಗಿ ಕೂತಿವೆ. ಹಾಗೇ ಇರಲಿ ಬಿಡಿ. ಕೋಟನ್ನು ಒಳಗಿಡಿ.

ನುಹಾ


ಕೂರಾ, 30 ಜನವರಿ 2000

ನುಹಾ,

ಬರುವುದಿಲ್ಲ. ಕೋಟು ಒಳಗಿಟ್ಟೆ. ಆದರೆ ಇದಕ್ಕೆ ಉತ್ತರ ಬೇಕೇ ಬೇಕು.

ನಿಮ್ಮ ಕಾಗದದಲ್ಲಿ "ಎಡಗಣ್ಣಿನ ರೆಪ್ಪೆ" ಎಂದು ಓದಿದ ಕೂಡಲೇ ಒಬ್ಬ ನನ್ನ ಮಗ್ಗುಲಲ್ಲಿ ಎದ್ದು ಕೂತ. ನನ್ನ ಮೊದಲ ಚಳಿಗಾಲ. ಅವನನ್ನು ಅರೆನಿದ್ದೆ ಎನ್ನುತ್ತಿದ್ದೆವು. ಈರುಳ್ಳಿಯಲ್ಲಿ ಅರ್ಧ ನನಗೆ. ಕೆಮ್ಮು. ನನ್ನ ತೋಳಿನ ಮೇಲೆ ಅವನ ತಲೆಯ ಭಾರ ಈಗಲೂ ಗೊತ್ತಾಗುತ್ತಿದೆ.

ಇವನು ಇದ್ದನೇ? ಇಲ್ಲ, ನಿಮ್ಮ ಸಾಲು ಓದಿದ ಮೇಲೆ ನನ್ನ ತಲೆ ಇವನನ್ನು ಮಾಡಿಕೊಂಡಿತೇ? ಉಂಗುರ ಮಾಡಿಕೊಂಡ ಹಾಗೆ? ಡಾಕ್ಟರ್ ಹಾಲಾ ಅವರನ್ನು ಕೇಳಿ ನೋಡಿದೆ. ಹೊರಗಿನವರು ಹೇಳುವುದಕ್ಕೆ ಮೊದಲೇ ನೀವು ಹೇಳಿದ್ದು ಎಲ್ಲಾದರೂ ಬರಹದಲ್ಲಿದ್ದರೆ ನಂಬಬಹುದು, ಆಮೇಲೆ ಬಂದದ್ದರ ಬಗ್ಗೆ ನಾನೂ ಹೇಳಲಾರೆ, ನೀವೂ ಹೇಳಲಾರಿರಿ ಎಂದರು. ಅವರ ಟೇಪುಗಳಲ್ಲಿ ಇವನಿಲ್ಲವಂತೆ.

ಇವನ ವಿಷಯ ನಾನು ನಿಮಗೆ ಬರೆದ ಮೊದಲ ಪತ್ರದಲ್ಲಿ ಬರೆದಿದ್ದೆ ಎಂದು ಅನ್ನಿಸುತ್ತಿದೆ. ಆದರೆ ನನಗೆ ಅನ್ನಿಸುವುದಕ್ಕೆ ಈಗ ಏನು ಬೆಲೆ? ನಾನು ನಕಲು ಇಟ್ಟುಕೊಂಡಿಲ್ಲ. ಮೂಲ ನಿಮ್ಮಲ್ಲಿದೆ. ದಯವಿಟ್ಟು ತೆಗೆದು ನೋಡಿ. ಆ ಹಾಳೆಯಲ್ಲಿ ಇವನಿದ್ದರೆ, ನಿಮ್ಮ ಅಣ್ಣ ನನ್ನ ತೋಳಿನ ಮೇಲೆ ಸತ್ತ, ನಾನು ಹೋಗಿ ಅವನ ತಾಯಿಗೆ ಬದುಕಿದ್ದಾನೆ ಎಂದೆ. ಇಲ್ಲದಿದ್ದರೆ ಅವನೂ ಸುಳ್ಳು, ನಾನು ಬರೀ ಒಂದು ಕೆಟ್ಟ ಯಂತ್ರ. ಎರಡರಲ್ಲಿ ಯಾವುದಾದರೂ ಸರಿ, ಹೇಳಿಬಿಡಿ. ಎರಡರ ನಡುವೆ ತೂಗಾಡುವ ಶಕ್ತಿ ನನಗಿಲ್ಲ.

ನಸ್ರಿ


ಝಹ್ಲೆ, 20 ಮಾರ್ಚ್ 2000

ಉಸ್ತಾದ್ ನಸ್ರಿ ಅವರಿಗೆ,

ನಿಮ್ಮ ಮೊದಲ ಪತ್ರವನ್ನು ತೆಗೆದು ಓದಿದೆ. ಎರಡು ಸಲ ಓದಿದೆ. ಅದರಲ್ಲಿ ಅಂಥವನು ಯಾರೂ ಇಲ್ಲ. ಎಣ್ಣೆ ಲಾರಿ, ಫೋಟೋಗಳು, ಸ್ನಾನದ ಸಾಲು, ಅಣ್ಣನ ಕಣ್ಣು, ಇಷ್ಟೇ. ನಾನು ಹೇಳಿದ ಮೇಲೆ ಹುಟ್ಟಿದ ನೆನಪು ಅದು. ನಿಮ್ಮ ತಪ್ಪಿಲ್ಲ. ಡಾಕ್ಟರ್ ಹೇಳಿದ್ದೇ ಸರಿ. ಮರೆತುಬಿಡಿ.

ಅಮ್ಮ ಚೆನ್ನಾಗಿದ್ದಾಳೆ. ಚಳಿ ಹೋಯಿತೆಂದು ಅಣ್ಣನ ಅಂಗಿಗಳನ್ನು ಬಿಸಿಲಿಗೆ ಹಾಕಿದ್ದಾಳೆ. ಜುರ್ಜಿಯವರಿಗೆ ಇನ್ನು ಕಾಯಬೇಡಿ ಎಂದು ಬರೆದೆ. ಅವರೂ ಒಳ್ಳೆಯವರು, ಮರುಮಾತಾಡಲಿಲ್ಲ.

ಒಂದೇ ಒಂದು, ಸುಮ್ಮನೆ ಕೇಳುತ್ತೇನೆ. ನಿಮಗೆ ಹಾಗೆ ಕಂಡದ್ದರಲ್ಲಿ, ಅವನು ಹೋದದ್ದು ಯಾವ ತಿಂಗಳು? ದಿನವೇನಾದರೂ ಕಾಣುತ್ತದೆಯೇ? ಅಮ್ಮನಿಗಲ್ಲ, ನನಗೆ.

ಇದಾದ ಮೇಲೆ ಬರೆಯುವ ಅಗತ್ಯವಿಲ್ಲ. ನನ್ನ ಮನಸ್ಸಿನಲ್ಲಿ ನಿಮ್ಮ ಮೇಲೆ ಏನೂ ಇಲ್ಲ.

ನುಹಾ


ಕೂರಾ, 11 ಏಪ್ರಿಲ್ 2000

ನುಹಾ ಮಗಳೇ,

ಇಲ್ಲವೆಂದು ತಿಳಿಸಿದ್ದು ಒಳ್ಳೆಯದಾಯಿತು. ಅಂದರೆ ಅರೆನಿದ್ದೆಯನ್ನೂ ನಾನೇ ಮಾಡಿಕೊಂಡೆ. ಅವನ ಮಾತು, ಅವನ ಈರುಳ್ಳಿ ಎಲ್ಲವನ್ನೂ. ಏಳು ವರ್ಷದಲ್ಲಿ ಒಬ್ಬ ಸ್ನೇಹಿತನಾದರೂ ಇದ್ದ ಅಂದುಕೊಂಡಿದ್ದೆ.

ಈಗ ಯಾವುದನ್ನು ಮುಟ್ಟಿದರೂ ಅನುಮಾನ. ಅಫೀಫೆ ಲೋಟ ತೊಳೆಯುತ್ತ ಆ ಮಾತು ಕೇಳಿದಳೆಂದು ಬರೆದೆನಲ್ಲ, ನಿನ್ನೆ ಅದನ್ನೇ ಯೋಚಿಸಿದೆ. ಕೇಳಿದಳೋ, ಅಥವಾ ಅವಳಿದ್ದಿದ್ದರೆ ಕೇಳುತ್ತಿದ್ದಳು ಎಂದು ನಾನು ಅವಳ ಬಾಯಲ್ಲಿಟ್ಟೆನೋ? ಕೇಳೋಣವೆಂದರೆ ಆ ಕಡೆಯಿಂದ ಕಾಗದ ತರುವ ಲಾರಿಯಿಲ್ಲ. ಅವಳ ದನಿ ಎಂದುಕೊಂಡಿರುವುದು ಅವಳ ತಂಗಿಯದಿರಬಹುದು.

ಹೋದ ವಾರ ಅಕ್ಕಾರಿನಿಂದ ಗಂಡ ಹೆಂಡತಿ ಫೋಟೋ ಹಿಡಿದು ಬಂದಿದ್ದರು. ಬಾಗಿಲಲ್ಲೇ ನಿಲ್ಲಿಸಿ, ನನಗೆ ಏನೂ ನೆನಪಿಲ್ಲ, ನಾನು ಅಲ್ಲಿ ಇರಲೇ ಇಲ್ಲ ಅಂದೆ. "ಒಂದ್ ಲೋಟ ನೀರಾದ್ರೂ ಕೊಡ್ತೀರಾ ಯಜಮಾನ್ರೇ?" ಎಂದಳು ಆಕೆ. ನೀರು ಕೊಟ್ಟೆ. ಮನೆಯಲ್ಲಿ ಕಾಫಿ ಮಾಡುವುದನ್ನು ಬಿಟ್ಟಿದ್ದೇನೆ.

ನಡೆಯದ ಸಾವಿಗೆ ತಿಂಗಳು ಯಾಕೆ ಬೇಕೋ ನನಗೆ ತಿಳಿಯದು. ನನ್ನ ತಲೆ ಎಷ್ಟರಮಟ್ಟಿಗೆ ಕೆಟ್ಟಿದೆ ಎಂದು ನೋಡಲು ಕೇಳಿರಬಹುದು. ಕೇಳಿದ್ದೀರಿ, ಬರೆಯುತ್ತೇನೆ. 1985, ಡಿಸೆಂಬರ್ ನಾಲ್ಕು, ಬಾರ್ಬರಾ ಹಬ್ಬದ ಬೆಳಿಗ್ಗೆ. ಹಿಂದಿನ ದಿನವೆಲ್ಲ, "ಈಗ ಅಮ್ಮ ಗೋಧಿ ನೆನೆ ಹಾಕಿರ್ತಾಳೆ" ಅನ್ನುತ್ತಿದ್ದ. ಬೆಳಗಿನ ಎಣಿಕೆಗೆ ಎಬ್ಬಿಸಲು ಹೋದೆ. ಎಡಗಣ್ಣು ಬಲಗಣ್ಣು ಎರಡೂ ಒಂದೇ ಸಮನೆ ಮುಚ್ಚಿದ್ದವು. ಬೆಳಕಿನಲ್ಲಿ ಹಾಗೆ ನೋಡಿದ್ದು ಅದೇ ಮೊದಲಾದ್ದರಿಂದ, ಇವನು ಬೇರೆ ಯಾರೋ ಎಂದುಕೊಂಡು ಒಂದು ಕ್ಷಣ ಪಕ್ಕದಲ್ಲಿ ಹುಡುಕಿದೆ.

ಇಲ್ಲದೇ ಇದ್ದವನ ಬಗ್ಗೆ ಎಷ್ಟೊಂದು ಕಾಣುತ್ತದೆ ನೋಡಿ.

ನಸ್ರಿ